ಮೊಣಕಾಲಮ್ಮನ ಅಳತೆ

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ಮೊಣಕಾಲಮ್ಮ. ಎದುರಿಗೆ ಮೇಡಂ ಎನ್ನುವವರೇ ಅವಳು ತಿರುವು ದಾಟುವುದನ್ನು ಕಾದಿದ್ದು ಹಾಗೆ ಕರೆಯುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. "ಕಂಡವರ ಮನೆ ಮುಂದೆ ಮೂಗು ತೂರಿಸೋ ಕೆಲಸ ನಂದು. ಮೂಗಮ್ಮ ಅನ್ನದೆ ಮೊಣಕಾಲಮ್ಮ ಅಂದ್ರಲ್ಲ, ಅಷ್ಟೇ ಪುಣ್ಯ," ಎನ್ನುತ್ತಿದ್ದಳು.

ಅವಳು ಮುನಿಸಿಪಾಲಿಟಿಯಲ್ಲಿ ರಸ್ತೆಯಂಚಿನ ಇನ್‌ಸ್ಪೆಕ್ಟರು. ಡಾಂಬರು ಮುಗಿದು ಮನೆಯ ಕಾಂಪೌಂಡು ಶುರುವಾಗುವ ತನಕ ಒಂದು ಪಟ್ಟಿ ಜಾಗ ಇರುತ್ತದಲ್ಲ, ಕೆಲವು ಕಡೆ ಎರಡು ಹೆಜ್ಜೆ, ಕೆಲವು ಕಡೆ ನಾಲ್ಕು, ಅದನ್ನು ನೋಡಿಕೊಳ್ಳುವ ಕೆಲಸ. ಜಾಗ ಮುನಿಸಿಪಾಲಿಟಿಯದು, ಅದರ ಮೇಲೆ ಬೆಳೆಯುವ ಹುಲ್ಲನ್ನು ಕತ್ತರಿಸಬೇಕಾದವರು ಮನೆಯವರು. ಈ ಏರ್ಪಾಟನ್ನು ಕಂಡುಹಿಡಿದ ಮಹಾನುಭಾವನಿಗೆ ನೆರೆಹೊರೆ ಎಂಬುದೇ ಇರಲಿಲ್ಲವೆಂದು ಕಾಣುತ್ತದೆ. ಕತ್ತರಿಸುವ ದಿನ ಬಂದರೆ ಎಲ್ಲರೂ "ಅದು ಸರ್ಕಾರದ ಜಾಗ" ಎನ್ನುತ್ತಾರೆ. ಯಾರಾದರೂ ಅಲ್ಲಿ ಕಾರು ನಿಲ್ಲಿಸಿದರೆ ಅದೇ ಜನ "ನಮ್ಮ ಜಾಗದಲ್ಲಿ ಯಾಕ್ರೀ ನಿಲ್ಲಿಸ್ತೀರಿ?" ಎಂದು ಕಾಲು ಕೆರೆದುಕೊಂಡು ಜಗಳಕ್ಕೆ ಬರುತ್ತಾರೆ. ಕಲ್ಲು ತಂದು ಸಾಲಾಗಿ ಇಡುವವರಿದ್ದಾರೆ, ಸಿಮೆಂಟು ಬಳಿಯುವವರಿದ್ದಾರೆ, ಪ್ಲಾಸ್ಟಿಕ್ ಹುಲ್ಲು ಹಾಸಿ ಅದಕ್ಕೆ ನೀರು ಬಿಡುವವರನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಇವರೆಲ್ಲರ ನಡುವೆ ಚಿಕ್ಕಮ್ಮ ಇಪ್ಪತ್ತೊಂಬತ್ತು ವರ್ಷ ನಡೆದಳು.

ಅಂಚಿನಲ್ಲಿ ಗಿಡ ನೆಡಬಹುದು, ಆದರೆ ಅದು ನೆಲದಿಂದ ನಲವತ್ತೈದು ಸೆಂಟಿಮೀಟರ್ ಮೀರಬಾರದು ಎಂಬುದು ನಿಯಮ. ಇದನ್ನು ನಾನೊಮ್ಮೆ ಹುಚ್ಚು ನಿಯಮ ಎಂದೆ. ಚಿಕ್ಕಮ್ಮ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಎದುರುಮನೆ ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂರಿಸಿ, "ಈಗ ನೀನು ಮೂರು ವರ್ಷದ ಮಗು. ಆ ಮನೆ ಕಾರು ಹಿಂದಕ್ಕೆ ಬರ್ತಿದೆ. ಗಿಡ ಎತ್ತರಕ್ಕಿದ್ರೆ ಡ್ರೈವರ್‌ಗೆ ನೀನು ಕಾಣ್ತೀಯಾ?" ಎಂದಳು. 

ದಿನಕ್ಕೆ ಇನ್ನೂರು ಮನೆ. ಒಂದೊಂದು ಗಿಡದ ಹತ್ತಿರವೂ ಬಗ್ಗಿ ಟೇಪು ಹಿಡಿದರೆ ಸೊಂಟ ಉಳಿಯುವುದಿಲ್ಲ. ಅದಕ್ಕೆ ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಒಂದು ಉಪಾಯ ಹೂಡಿದ್ದಳು. ಬೂಟು ಹಾಕಿಕೊಂಡು ನೆಟ್ಟಗೆ ನಿಂತು, ನೆಲದಿಂದ ನಲವತ್ತೈದು ಸೆಂಟಿಮೀಟರ್ ಅಳೆಸಿ, ಸಮವಸ್ತ್ರದ ಪ್ಯಾಂಟಿನ ಮೇಲೆ ಅಲ್ಲಿಗೆ ಸರಿಯಾಗಿ ಕೆಂಪು ದಾರದಲ್ಲಿ ಒಂದು ಗೆರೆ ಹೊಲಿದುಕೊಂಡಳು. ಅದು ಮೊಣಕಾಲ ಮೇಲೆ ಬರುತ್ತಿತ್ತು. ಗಿಡದ ಪಕ್ಕ ಕಾಲಿಟ್ಟು ನಿಲ್ಲುವುದು, ಕೆಳಗೆ ನೋಡುವುದು, ದಾರದ ಮೇಲೆ ಹೋಗಿದ್ದರೆ ನೋಟಿಸು. ಹೆಸರು ಬಂದದ್ದು ಹಾಗೆ.

ನೋಟಿಸು ಕೊಟ್ಟರೆ ಮನೆಯವರಿಗೆ ಹದಿನಾಲ್ಕು ದಿನ ಸಮಯ. ಅಷ್ಟರೊಳಗೆ ಅವರೇ ಕತ್ತರಿಸಿಕೊಳ್ಳಬೇಕು. ಇಲ್ಲದಿದ್ದರೆ ಮುನಿಸಿಪಾಲಿಟಿಯ ಗ್ಯಾಂಗು ಬರುತ್ತದೆ. ಗ್ಯಾಂಗಿಗೆ ಸೆಂಟಿಮೀಟರ್ ಲೆಕ್ಕ ಗೊತ್ತಿಲ್ಲ, ಅವರು ಬುಡಕ್ಕೇ ಹಾಕುತ್ತಾರೆ.

ಚಿಕ್ಕಪ್ಪ ದರ್ಜಿ. ಮಾರುಕಟ್ಟೆ ರಸ್ತೆಯಲ್ಲಿ ಎರಡು ಮೆಷಿನ್ನಿನ ಅಂಗಡಿ. ಸಿದ್ಧ ಉಡುಪು ಬಂದ ಮೇಲೆ ಅಂಗಡಿ ಉಳಿದದ್ದು ಮುನಿಸಿಪಾಲಿಟಿಯ ಸಮವಸ್ತ್ರದಿಂದ. ಕಸ ಗುಡಿಸುವವರಿಂದ ಹಿಡಿದು ಇನ್‌ಸ್ಪೆಕ್ಟರುಗಳ ತನಕ ಎಲ್ಲರ ಬಟ್ಟೆಯೂ ಅಲ್ಲೇ ಹೊಲಿಯುವುದು. ತಾವು ಹೊಲಿದ ಬಟ್ಟೆ ಒಂದೇ ಒಂದು ವಾಪಸ್ ಬಂದಿಲ್ಲವೆಂದು ಚಿಕ್ಕಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಔಷಧಿ ಅಂಗಡಿಯ ಕೆಲಸಕ್ಕೆಂದು ಬಂದು ಅವರ ಮನೆಯಲ್ಲೇ ಉಳಿದವಳಾದ್ದರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಂಡನದೂ ಅಳತೆಯ ಕಸುಬು, ಹೆಂಡತಿಯದೂ ಅಳತೆಯ ಕಸುಬು. ನನ್ನ ಜಡೆ ಒಂದು ಬೆರಳು ಓರೆಯಾಗಿದ್ದರೂ ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು.

ಆ ವರ್ಷ ಚಿಕ್ಕಮ್ಮನಿಗೆ ಹೊಸ ಪ್ಯಾಂಟು ಬಂತು. ಪ್ರತಿ ಸಲವೂ ಹೊಸದು ಬಂದಾಗ ಅವಳು ಬೂಟು ಹಾಕಿ ನಿಂತು ನನ್ನ ಕೈಯಲ್ಲಿ ಟೇಪು ಕೊಡುತ್ತಿದ್ದಳು. ಆ ಸಲ ಅವಳಿಗೆ ಜ್ವರ. ನಾಲ್ಕು ದಿನ ಮಲಗಿದ್ದವಳು ಎದ್ದು ನೋಡಿದರೆ ಕುರ್ಚಿಯ ಮೇಲೆ ಇಸ್ತ್ರಿ ಹಾಕಿದ ಹೊಸ ಪ್ಯಾಂಟು, ಅದರ ಮೇಲೆ ಮೆಷಿನ್ನಿನಲ್ಲಿ ಎರಡು ಸುತ್ತು ಹಾಕಿದ ನೀಟಾದ ಕೆಂಪು ಗೆರೆ. ಚಿಕ್ಕಪ್ಪ ಹೆಂಡತಿಗೆ ಹೂವು ತರುವ ಪೈಕಿಯಲ್ಲ, ನಾಲ್ಕು ಒಳ್ಳೆಯ ಮಾತು ಆಡುವ ಪೈಕಿಯೂ ಅಲ್ಲ. ಹೆಂಡತಿ ಕೇಳದೆಯೇ ಹೊಲಿದಿಟ್ಟದ್ದು ಅವರ ಮಟ್ಟಿಗೆ ದೊಡ್ಡ ವಿಷಯ. ಚಿಕ್ಕಮ್ಮ ಆ ಗೆರೆಯ ಮೇಲೆ ಬೆರಳಾಡಿಸಿ, "ನೋಡೇ, ನಿಮ್ಮ ಚಿಕ್ಕಪ್ಪಂಗೆ ಈ ವಯಸ್ಸಲ್ಲಿ ಬುದ್ಧಿ ಬಂದಿದೆ," ಎಂದು ನಕ್ಕಳು. ಅಂಥ ದಿನ ಯಾರು ಟೇಪು ಹುಡುಕುತ್ತಾರೆ?

ಆಮೇಲಿನ ಎರಡು ತಿಂಗಳು ನೋಟಿಸುಗಳು ಯಾವತ್ತಿಗಿಂತ ಹೆಚ್ಚಾದವು. ಚಿಕ್ಕಮ್ಮ ಅದನ್ನು ಮಳೆಯ ಮೇಲೆ ಹಾಕಿದಳು. ಈ ಸಲ ಚೆನ್ನಾಗಿ ಹುಯ್ದಿದೆ, ಗಿಡಗಳಿಗೆ ಕೊಬ್ಬು ಬಂದಿದೆ, ಅಷ್ಟೇ ಎಂದಳು. ಜನ ಗೊಣಗಿದರು. ಜನ ಗೊಣಗುವುದು ಹೊಸತೇನಲ್ಲವಾದ್ದರಿಂದ ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗೊಣಗದೆ ನೇರವಾಗಿ ಹೇಳಿದವರು ಒಬ್ಬರೇ, ಆಪರೇಟರು. ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು, ಹುಟ್ಟಿನಿಂದ ಕಣ್ಣು ಕಾಣದು, ಒಬ್ಬರೇ ಇದ್ದರು. ಅವರ ಬೀದಿಯ ಮನೆಗಳೆಲ್ಲ ಒಂದೇ ನಕ್ಷೆಯವು, ಗೇಟುಗಳೆಲ್ಲ ಒಂದೇ ಕಬ್ಬಿಣದವು. ಅದಕ್ಕೆ ಅವರು ತಮ್ಮ ಗೇಟಿನ ಮುಂದಿನ ಅಂಚಿನಲ್ಲಿ ಒಂದು ಪೊದೆ ಬೆಳೆಸಿದ್ದರು. ಎಲೆ ಸ್ವಲ್ಪ ತಾಗಿದರೆ ಸಾಕು, ನಿಂಬೆಯ ವಾಸನೆ ಬರುತ್ತಿತ್ತು. ನಡೆದು ಬರುವಾಗ ಅದು ಕಾಲಿಗೆ ಸವರುತ್ತದೆ, ವಾಸನೆ ಮೇಲೆ ಬರುತ್ತದೆ, ಆಗ ಬಲಕ್ಕೆ ತಿರುಗಿದರೆ ಮನೆ. ನಿಯಮವನ್ನು ಯಾರಿಂದಲೋ ಓದಿಸಿ ಕೇಳಿ, ತಮ್ಮ ಬಿಳಿ ಕೋಲಿನ ಮೇಲೆ ನಲವತ್ತೈದು ಸೆಂಟಿಮೀಟರಿಗೆ ಒಂದು ಗೀರು ಕೆತ್ತಿಸಿಕೊಂಡು, ಪೊದೆಯನ್ನು ಅದಕ್ಕಿಂತ ಎರಡು ಬೆರಳು ಕೆಳಗೇ ಇಟ್ಟಿದ್ದರು.

ಚಿಕ್ಕಮ್ಮ ಅವರಿಗೂ ನೋಟಿಸು ಕೊಟ್ಟಳು. ಓದಿ ಹೇಳಿದವಳೂ ಅವಳೇ.

"ಅಮ್ಮಾ, ನಿಮ್ಮ ಅಳತೆ ತಪ್ಪಿದೆ," ಎಂದರು ಆಪರೇಟರು. "ನನ್ನ ಕೋಲು ತಗೊಂಡು ನೋಡಿ."

"ಕೋಲಿನ ಗೀರು ಯಾರು ಕೆತ್ತಿದ್ದು?"

"ಬಡಗಿ."

"ಬಡಗಿಗೆ ತಪ್ಪಿರಬಹುದು ಸಾರ್. ನನ್ನ ಅಳತೆ ಇಪ್ಪತ್ತೊಂಬತ್ತು ವರ್ಷದಲ್ಲಿ ತಪ್ಪಿಲ್ಲ."

ಇದನ್ನು ಅವಳೇ ಮನೆಗೆ ಬಂದು ಹೆಮ್ಮೆಯಿಂದ ಹೇಳಿದ್ದಳು. ಆಪರೇಟರು ಎರಡು ಸಲ ಆಫೀಸಿಗೆ ಫೋನು ಮಾಡಿದರು. ಎರಡು ಸಲವೂ ಅವಳು, ನಿಯಮ ಎಲ್ಲರಿಗೂ ಒಂದೇ ಎಂದಳು. ಅವರೂ ಮೊಂಡು, ಒಂದು ಎಲೆ ಕತ್ತರಿಸಲಿಲ್ಲ. ಹದಿನೈದನೆಯ ದಿನ ಗ್ಯಾಂಗು ಬಂದು ಪೊದೆಯನ್ನು ಬುಡಕ್ಕೆ ಕತ್ತರಿಸಿಕೊಂಡು ಹೋಯಿತು.

ಅದಾದ ಮೂರನೆಯ ದಿನ ಆಪರೇಟರು ಬ್ರೆಡ್ಡು ತರಲು ಹೋಗಿ ಹಿಂದಿರುಗುವಾಗ ಹೆಜ್ಜೆ ಎಣಿಸಿಕೊಂಡೇ ಬಂದರಂತೆ. ಎಲ್ಲಿ ಲೆಕ್ಕ ತಪ್ಪಿತೋ, ತಮ್ಮ ಗೇಟು ದಾಟಿ ಮುಂದೆ ಹೋದರು. ಎರಡು ಮನೆ ಆಚೆ ನೀರಿನ ಮೀಟರಿನ ಗುಂಡಿಗೆ ಮುಚ್ಚಳ ಇರಲಿಲ್ಲ. ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಅವರ ನೋವಿನ ಮಾತ್ರೆಯ ಚೀಟಿ ಬಂದದ್ದು ನನ್ನ ಅಂಗಡಿಗೇ. ಚೀಟಿ ತಂದ ಪಕ್ಕದ ಮನೆಯಾಕೆ, "ನಿಮ್ಮ ಮೊಣಕಾಲಮ್ಮ ಮಾಡಿದ ಉಪಕಾರ," ಎಂದಳು. ನಾನು ತಲೆ ಎತ್ತದೆ ಮಾತ್ರೆ ಕಟ್ಟಿಕೊಟ್ಟೆ.

ಸಂಜೆ ಚಿಕ್ಕಮ್ಮನಿಗೆ ಹೇಳಿದೆ. ಅವಳು ಬೂಟು ಬಿಚ್ಚುತ್ತಿದ್ದವಳು ಮತ್ತೆ ಹಾಕಿಕೊಂಡಳು. ನಾನೂ ಜೊತೆಗೆ ಹೋದೆ. ಆಪರೇಟರು ಬಾಗಿಲು ತೆರೆದರು, ಬೈಯುತ್ತಾರೆಂದುಕೊಂಡರೆ ಬೈಯಲಿಲ್ಲ. "ಕೋಲು ಅಲ್ಲೇ ಮೂಲೆಯಲ್ಲಿದೆ ಅಮ್ಮಾ, ಈಗಲಾದ್ರೂ ಹಿಡಿದು ನೋಡಿ," ಎಂದರು. ಚಿಕ್ಕಮ್ಮ ಕೋಲನ್ನು ಕಾಲಿನ ಪಕ್ಕ ನಿಲ್ಲಿಸಿದಳು. ಗೀರು ದಾರಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಚೀಲದಿಂದ ಆಫೀಸಿನ ಟೇಪು ತೆಗೆದು ನನ್ನ ಕೈಗೆ ಕೊಟ್ಟಳು. ಗೀರಿಗೆ ನಲವತ್ತೈದು, ದಾರಕ್ಕೆ ಮೂವತ್ತೆಂಟು.

"ಎಷ್ಟು?" ಎಂದರು ಆಪರೇಟರು.

"ಬಡಗಿ ಸರಿ ಸಾರ್. ನನ್ನ ಪ್ಯಾಂಟಿನ ದಾರವೇ ನಾಲ್ಕು ಬೆರಳು ಕೆಳಗಿದೆ," ಎಂದಳು ಚಿಕ್ಕಮ್ಮ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಮನೆಗೆ ಬಂದು ಹಳೆಯ ಪ್ಯಾಂಟು, ಹೊಸ ಪ್ಯಾಂಟು ಎರಡನ್ನೂ ಮಂಚದ ಮೇಲೆ ಹಾಸಿದೆವು. ಚಿಕ್ಕಪ್ಪ ಇನ್ನೂ ಅಂಗಡಿಯಲ್ಲಿದ್ದರು. ಹಳೆಯದರ ಅಂಚು ಬೂಟಿಗೆ ಉಜ್ಜಿ ಉಜ್ಜಿ ಹರಿದಿದ್ದರಿಂದ ಎರಡು ಸಲ ಮೇಲಕ್ಕೆ ಮಡಚಿ ಹೊಲಿದಿತ್ತು, ಒಂದೊಂದು ಸಲಕ್ಕೆ ಎರಡು ಬೆರಳು. ಪ್ಯಾಂಟು ಗಿಡ್ಡವಾಯಿತೇ ಹೊರತು ದಾರ ಇದ್ದಲ್ಲೇ ಇತ್ತು. ಚಿಕ್ಕಪ್ಪ ದರ್ಜಿಯ ಅಭ್ಯಾಸದಂತೆ ಕೆಳ ಅಂಚಿನಿಂದ ದಾರಕ್ಕೆ ಎಷ್ಟಿದೆಯೆಂದು ಅಳೆದು, ಹೊಸದರ ಅಂಚಿನಿಂದಲೂ ಅಷ್ಟೇ ಅಳೆದು ಹೊಲಿದಿದ್ದರು. ಹೊಸದು ನಾಲ್ಕು ಬೆರಳು ಉದ್ದ. ದಾರ ನಾಲ್ಕು ಬೆರಳು ಕೆಳಗೆ.

"ನಿಮ್ಮ ಚಿಕ್ಕಪ್ಪಂಗೆ ಉಸಿರೆತ್ತಬೇಡ," ಎಂದಳು. ನಾನು ಯಾಕೆಂದು ಕೇಳಿದೆ. "ಅವರ ಹತ್ರ ಇರೋದು ಅದೊಂದೇ ಕಣೇ, ಒಂದು ಬಟ್ಟೆಯೂ ವಾಪಸ್ ಬಂದಿಲ್ಲ ಅನ್ನೋದು," ಎಂದು ಪ್ಯಾಂಟು ಮಡಚಿಟ್ಟಳು.

ಮಾರನೆಯ ದಿನ ಆಫೀಸಿಗೆ ಹೋಗಿ ಸಾಹೇಬರಿಗೆ ಎಲ್ಲ ಒಪ್ಪಿಸಿದಳು. ಆ ಎರಡು ತಿಂಗಳಲ್ಲಿ ತಪ್ಪು ದಾರ ನೋಡಿ ಕೊಟ್ಟದ್ದು ಅರವತ್ತಮೂರು ನೋಟಿಸು, ಅದರಲ್ಲಿ ಹನ್ನೊಂದು ಮನೆಗೆ ಗ್ಯಾಂಗು ಹೋಗಿತ್ತು. ಸಾಹೇಬರು ಕೆಟ್ಟವರಲ್ಲ, ತಲೆನೋವು ಬೇಡವೆನ್ನುವವರು. "ಹೊಲಿದವನು ತಪ್ಪು ಮಾಡಿದ ಅಂತ ಬರೆದುಕೊಡಿ. ದರ್ಜಿಯನ್ನ ಬದಲಾಯಿಸ್ತೀವಿ, ನಿಮ್ಮ ಮೇಲೆ ಏನೂ ಬರಲ್ಲ. ನಿವೃತ್ತಿಗೆ ಒಂದು ವರ್ಷ ಇದೆ, ಮರ್ಯಾದೆಯಾಗಿ ಮುಗಿಸಿ," ಎಂದರಂತೆ. ದರ್ಜಿ ಯಾರ ಗಂಡನೆಂಬುದು ಅವರ ತಲೆಗೆ ಹೊಳೆದಿರಲಿಲ್ಲ.

ಚಿಕ್ಕಮ್ಮ ಬೇರೆಯೇ ಬರೆದಳು. ಹೊಸ ಬಟ್ಟೆ ಹಾಕಿದ ದಿನ ಟೇಪು ಹಿಡಿದು ನೋಡಿಕೊಳ್ಳಬೇಕಾಗಿತ್ತು, ನೋಡಿಕೊಳ್ಳಲಿಲ್ಲ, ನೋಟಿಸು ಪಡೆದ ಮನೆಯವರೊಬ್ಬರು ಹೇಳಿದರೂ ಕೇಳಲಿಲ್ಲ, ತಪ್ಪು ನನ್ನದು. ಅವಳನ್ನು ಬೀದಿಯ ಕೆಲಸದಿಂದ ತೆಗೆದು ಹಳೆಯ ಕಡತದ ಕೋಣೆಯಲ್ಲಿ ಕೂರಿಸಿದರು. ಬಿಸಿಲಲ್ಲಿ ದಿನಕ್ಕೆ ಹತ್ತು ಕಿಲೋಮೀಟರ್ ನಡೆದು ನಗುನಗುತ್ತ ಬರುತ್ತಿದ್ದವಳು ಈಗ ಫ್ಯಾನಿನ ಕೆಳಗೆ ಕೂತು ಸೋತು ಬರುತ್ತಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಚಿಕ್ಕಪ್ಪನಿಗೆ ಮಾತ್ರ, "ಸೊಂಟ ನೋವು ಅಂತ ನಾನೇ ಕೇಳಿಕೊಂಡೆ," ಎಂದಿದ್ದಳು.

ಕೆಲಸಕ್ಕೆ ಮುಂಚೆ, ಕೆಲಸವಾದ ಮೇಲೆ ಅರವತ್ತಮೂರು ಮನೆಗೂ ಹೋಗಿ ತಪ್ಪಾಯಿತೆಂದು ಹೇಳಿ ಬಂದಳು. ಕೆಲವರು ಒಳಗೆ ಕರೆದು ನೀರು ಕೊಟ್ಟರು. ಒಬ್ಬಾತ ಗೇಟಿನಲ್ಲೇ ನಿಲ್ಲಿಸಿ ಅರ್ಧ ಗಂಟೆ ಬೈದ. ಆಮೇಲೆ ನೋಡಿದರೆ ಅವನ ನೋಟಿಸು ಸರಿಯಾದದ್ದೇ, ಅವನ ಗಿಡ ಸೊಂಟದ ತನಕ ಇತ್ತು. "ಬೈದಾದ್ಮೇಲೆ ಅಳೆದೆ, ಮತ್ತೆ ನೋಟಿಸು ಕೊಡೋಕೆ ನಂಗೆ ಅಧಿಕಾರ ಇಲ್ವಲ್ಲ, ಅದೇ ಸಂಕಟ," ಎಂದು ಬಹಳ ದಿನದ ಮೇಲೆ ನಕ್ಕಳು. ಆಪರೇಟರ ಮನೆಗೆ ಮಾತ್ರ ಒಂದು ಸಲ ಹೋಗಿ ಬಿಡಲಿಲ್ಲ. ಅದೇ ಜಾತಿಯ ಕಡ್ಡಿಗಳನ್ನು ಹುಡುಕಿ ತಂದು ನೆಟ್ಟಳು. ಅವು ಕಾಲಿಗೆ ತಾಗುವಷ್ಟು ಬೆಳೆಯುವ ತನಕ, ಅವರು ಹೊರಗೆ ಹೋಗುವ ಬೆಳಗಿನ ಹೊತ್ತಿಗೂ ಸಂಜೆಯ ಹೊತ್ತಿಗೂ ತಿರುವಿನಲ್ಲಿ ನಿಂತು ಗೇಟಿನವರೆಗೆ ಕೈಹಿಡಿದು ಬಿಟ್ಟು ಬರುತ್ತಿದ್ದಳು.

ಇದೆಲ್ಲ ನಡೆಯುತ್ತಿರುವಾಗ ಚಿಕ್ಕಪ್ಪ ಊಟ ಬಿಡಲು ಶುರುಮಾಡಿದರು. ಅನ್ನವನ್ನು ಕಲಸುತ್ತಲೇ ಇರುವುದು, ಎದ್ದು ಹೋಗುವುದು. ಚಿಕ್ಕಮ್ಮ ಕೇಳಿದರೆ, ಸಮವಸ್ತ್ರದ ಕೆಲಸ ಜಾಸ್ತಿ ಎನ್ನುವುದು. ಬಟ್ಟೆ ವಾಪಸ್ ಬಂದಿಲ್ಲವೆಂಬ ಮಾತಂತೂ ನಿಂತೇಹೋಯಿತು. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ವಯಸ್ಸಾಯಿತು ಎಂದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಆಪರೇಟರ ಮನೆಗೆ ಹೊರಟಿದ್ದಳು. ಚಿಕ್ಕಪ್ಪ ಅಂಗಡಿಗೆ ಹೋಗದೆ ಬಾಗಿಲಲ್ಲಿ ನಿಂತಿದ್ದರು.

"ಆ ಪ್ಯಾಂಟಿನ ದಾರ ನಾನು ತಪ್ಪು ಹೊಲಿದೆ," ಎಂದರು. "ನಿನ್ನೆ ನಿಮ್ಮ ಸಾಹೇಬರ ಹತ್ರ ಹೋಗಿ ಹೇಳಿ ಬಂದೆ."

ಚಿಕ್ಕಮ್ಮ ನನ್ನ ಕಡೆ ತಿರುಗಿ ಕೆಕ್ಕರಿಸಿದಳು. ನಾನಲ್ಲ ಎಂದು ತಲೆಯಾಡಿಸಿದೆ.

"ಇವಳಲ್ಲ. ಆಪರೇಟರು. ಕೈಗೆ ಪ್ಲಾಸ್ಟರ್ ಹಾಕಿದ್ರಲ್ಲ, ಅಂಗಿ ತೋಳು ಬಿಚ್ಚಿ ಅಗಲ ಮಾಡಿಸ್ಕೊಳ್ಳೋಕೆ ಅಂಗಡಿಗೆ ಬಂದಿದ್ರು. ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ. ಕೈ ಹೇಗಾಯ್ತು ಅಂತ ಕೇಳಿದೆ. ಹೇಳಿದ್ರು."

"ಸಾಹೇಬರು ಏನಂದ್ರು?"

"ಇನ್ನು ಸಮವಸ್ತ್ರ ಬೇರೆ ಕಡೆ ಹೊಲಿಸ್ತಾರಂತೆ. ನಿನ್ನನ್ನ ಬೀದಿಗೆ ವಾಪಸ್ ಹಾಕಿ ಅಂತ ಕೇಳಿದೆ. ಆದೇಶ ಆಗಿಹೋಗಿದೆ, ಆಗಲ್ಲ ಅಂದ್ರು."

"ಚೆನ್ನಾಗಾಯ್ತು!" ಚಿಕ್ಕಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಒಬ್ಬಳು ಕೂತಿದ್ದೆ, ಈಗ ಇಬ್ರೂ ಕೂತ್ಕೊಂಡ್ವಿ. ಅಂಗಡಿ ಉಳೀಲಿ ಅಂತ ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ರೆ, ನಿಮಗೆ ಯಾರು ಹೇಳಿದ್ದು ಹೋಗಿ ಹೇಳೋಕೆ?"

"ನೀನು ಆ ಕೋಣೇಲಿ ಕೂತು ಬರೋದನ್ನ ನನ್ನ ಕೈಲಿ ನೋಡೋಕಾಗಲಿಲ್ಲ ಕಣೇ," ಎಂದರು ಚಿಕ್ಕಪ್ಪ.

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಚಿಕ್ಕಪ್ಪ ಹತ್ತು ಹೆಜ್ಜೆ ಹಿಂದೆ ಹೊರಟರು. ಇವರಿಬ್ಬರನ್ನೂ ಹಾಗೆ ಬಿಡುವುದು ಬೇಡವೆಂದು ನಾನೂ ಹೊರಟೆ.

ಆಪರೇಟರು ಗೇಟಿನ ಹೊರಗೆ ನಿಂತು, ನೆಟ್ಟ ಕಡ್ಡಿಗಳಿಗೆ ಎಡಗೈಯಲ್ಲಿ ನೀರು ಹಾಕುತ್ತಿದ್ದರು. ಒಂದೆರಡು ಕಡ್ಡಿಗೆ ಚಿಗುರು ಬಂದಿತ್ತು. ಚಿಕ್ಕಮ್ಮ ಅವರ ಕೈಯಿಂದ ಚೊಂಬು ತೆಗೆದುಕೊಂಡು, "ನಮ್ಮ ಯಜಮಾನರು ಬಂದಿದ್ದಾರೆ ಸಾರ್," ಎಂದಳು.

ಚಿಕ್ಕಪ್ಪ ಮುಂದೆ ಬಂದರು. "ಆ ಪ್ಯಾಂಟು ಹೊಲಿದವನು ನಾನು ಸಾರ್. ತಪ್ಪಾಯ್ತು." ಆ ಪದ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಪರೇಟರು ದನಿ ಬಂದ ಕಡೆ ಮುಖ ಮಾಡಿದರು. "ಗೊತ್ತಿತ್ತು," ಎಂದರು. "ಅಂಗಡೀಲಿ ನಾನು ಪ್ಯಾಂಟಿನ ದಾರ ನಾಲ್ಕು ಬೆರಳು ಕೆಳಗಿತ್ತಂತೆ ಅಂತ ಹೇಳಿದ ತಕ್ಷಣ ನಿಮ್ಮ ಕತ್ತರಿ ನಿಂತುಹೋಯ್ತು. ಆಮೇಲೆ ನೀವು ಒಂದು ಮಾತೂ ಆಡಲಿಲ್ಲ, ತೋಳಿನ ಕೂಲಿಯನ್ನೂ ತಗೊಳ್ಳಲಿಲ್ಲ. ಹೊಲಿದೋರು ಇವರೇ ಅಂತ ಅಲ್ಲೇ ಅಂದ್ಕೊಂಡೆ. ಬರ್ತಾರೋ ಇಲ್ವೋ ಅಂತ ಕಾಯ್ತಾನೇ ಇದ್ದೆ, ಇವತ್ತಿಗೆ ಹನ್ನೊಂದು ದಿನ."

ಚಿಕ್ಕಮ್ಮನ ಕೈಯಲ್ಲಿದ್ದ ಚೊಂಬು ಓರೆಯಾಗಿ ನೀರೆಲ್ಲ ಒಂದೇ ಕಡ್ಡಿಯ ಮೇಲೆ ಸುರಿಯಿತು. "ಹನ್ನೊಂದು ದಿನ?" ಎಂದು ಗಂಡನ ಕಡೆ ತಿರುಗಿದಳು.

ಎಲ್ಲ ನಿನ್ನೆ ಮೊನ್ನೆ ಗೊತ್ತಾಗಿದ್ದೆಂದು ಅವಳು ತಿಳಿದಿದ್ದಳು, ನಾನೂ ಹಾಗೇ ತಿಳಿದಿದ್ದೆ. ಹನ್ನೊಂದು ದಿನ ಈ ಮನುಷ್ಯ ಎಲ್ಲವನ್ನೂ ತಿಳಿದು, ಹೆಂಡತಿ ಕಡತದ ಕೋಣೆಗೆ ಹೋಗಿ ಬರುವುದನ್ನು ನೋಡುತ್ತ, ಅಂಗಡಿ ಹೋಗುತ್ತದೆಂಬ ಭಯಕ್ಕೆ ಬಾಯಿ ಬಿಡದೆ ಕೂತಿದ್ದರು. ನನ್ನ ಮೈ ಉರಿದುಹೋಯಿತು. ನಾನಾಗಿದ್ದರೆ ಅಲ್ಲೇ, ಆ ಬೀದಿಯಲ್ಲೇ, ನಾಲ್ಕು ಜನ ಕೇಳುವ ಹಾಗೆ ಅಂದುಬಿಡುತ್ತಿದ್ದೆ. ಚಿಕ್ಕಪ್ಪ ತಲೆ ಬಗ್ಗಿಸಿಕೊಂಡು ನಿಂತಿದ್ದರು.

ಚಿಕ್ಕಮ್ಮ ಖಾಲಿ ಚೊಂಬನ್ನು ಗೇಟಿನ ಪಕ್ಕ ಇಟ್ಟಳು.

"ಈ ಸಾರ್ ಅಳತೆ ತಪ್ಪು ಅಂತ ಹೇಳಿದ್ಮೇಲೂ ನಾನು ಹದಿನಾಲ್ಕು ದಿನ ಟೇಪು ಮುಟ್ಟದೆ ಕೂತಿದ್ದೆ," ಎಂದಳು. "ನಿಮ್ದು ಹನ್ನೊಂದೇ. ನೀವೇ ವಾಸಿ."

ಚಿಕ್ಕಪ್ಪ ಆ ರಸ್ತೆಯಂಚಿನ ಹಸಿ ಮಣ್ಣಿನ ಮೇಲೇ ಕೂತು, ಅಂಗಿಯ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತರು.